ಕಾಫಿ ಕುಡಿದರೆ ಬಾವು ಇಳಿಯುತ್ತದೆಯೇ? ನಮ್ಮ ರಕ್ತದ ಬಿಳಿಕಣಗಳು ಕೊಡುವ ಉತ್ತರ

ಹುಬ್ಬಳ್ಳಿ-ಧಾರವಾಡ ಅಂದರೆ ಚಹಾದ ಊರು. ಗಿರ್ಮಿಟ್ ಜೊತೆ ಚಹಾ, ಮಿರ್ಚಿ ಭಜಿ ಜೊತೆ ಚಹಾ, ಮನೆಗೆ ಬಂದವರಿಗೆ ಚಹಾ, ಹೊರಟು ನಿಂತವರಿಗೂ ಚಹಾ. ಹಾಗಿದ್ದರೂ ಕಾಫಿ ಕುಡಿಯುವವರು ಇಲ್ಲಿ ಕಡಿಮೆಯೇನಲ್ಲ. ಕಾಫಿ ಉರಿಯೂತ ಇಳಿಸುತ್ತದೆ ಅನ್ನುವ ಸುದ್ದಿ ವಾಟ್ಸಾಪ್‌ನಲ್ಲಿ ತಿರುಗತೊಡಗಿದ ಮೇಲೆ ಅದರ ಬಗ್ಗೆ ಕೇಳುವವರೂ ಜಾಸ್ತಿಯಾಗಿದ್ದಾರೆ. ನಮ್ಮ ಓಣಿಯ ಕಾಕು ಒಬ್ಬರು ನೇರವಾಗಿಯೇ ಕೇಳಿದರು: "ಕಾಫಿ ಕುಡದ್ರ ಮೊಣಕಾಲ ಬಾವು ಇಳೀತದಂತ. ಖರೇ ಏನು?"

ಕಾಫಿಯಲ್ಲಿರುವ ಕೆಲವು ವಸ್ತುಗಳು ಮನುಷ್ಯರ ರಕ್ಷಣಾ ಕೋಶಗಳ ಮೇಲೆ ಕೆಲಸ ಮಾಡುವುದು ನಿಜ. ಪ್ರಯೋಗಾಲಯದಲ್ಲಿ ಅದನ್ನು ಮತ್ತೆ ಮತ್ತೆ ನೋಡಿದ್ದಾರೆ. ಆದರೆ ಅಲ್ಲಿ ತಟ್ಟೆಯಲ್ಲಿ ಕಂಡ ಕೋಶಕ್ಕೂ ಕಾಕು ಅವರ ಮೊಣಕಾಲಿಗೂ ನಡುವೆ ಬಹಳ ದೂರವಿದೆ. ಸುದ್ದಿ ಕಳಿಸುವವರು ಆ ದೂರವನ್ನು ಸುಮ್ನೆ ಹಾರಿಬಿಡುತ್ತಾರೆ. ನಾವು ನಡೆದುಕೊಂಡೇ ಹೋಗೋಣ.

ಹೊಲದಲ್ಲಿ ಕಾಲಿಗೆ ಜಾಲಿಮುಳ್ಳು ಚುಚ್ಚಿತು ಅಂದುಕೊಳ್ಳಿ. ಸಂಜೆಯೊಳಗೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ. ಇದೇ ಉರಿಯೂತ. ಮುಳ್ಳಿನ ಜೊತೆ ಒಳಗೆ ಹೋದ ಬ್ಯಾಕ್ಟೀರಿಯಾವನ್ನು ಅಲ್ಲೇ ಇರುವ ಮ್ಯಾಕ್ರೋಫೇಜ್ ಅನ್ನುವ ಕೋಶಗಳು ಮೊದಲು ಗುರುತಿಸುತ್ತವೆ. ಗುರುತು ಸಿಕ್ಕ ಕೂಡಲೇ ಕೋಶದೊಳಗಿನ ಎನ್‌ಎಫ್-ಕಪ್ಪಾ-ಬಿ ಅನ್ನುವ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಆಗ ಕೋಶದಿಂದ ಟಿಎನ್‌ಎಫ್, ಐಎಲ್-6, ಐಎಲ್-1 ಬೀಟಾ ಅನ್ನುವ ಸಂದೇಶದ ಪ್ರೋಟೀನ್‌ಗಳು ಹೊರಬೀಳುತ್ತವೆ. ಅವು ಹತ್ತಿರದ ರಕ್ತನಾಳಗಳನ್ನು ಅಗಲ ಮಾಡುತ್ತವೆ, ಇನ್ನಷ್ಟು ಬಿಳಿಕಣಗಳನ್ನು ಕರೆಸುತ್ತವೆ. ಐಎಲ್-6 ಯಕೃತ್ತಿಗೆ ತಲುಪಿದರೆ ಅಲ್ಲಿ ಸಿಆರ್‌ಪಿ ಅನ್ನುವ ಪ್ರೋಟೀನ್ ತಯಾರಾಗುತ್ತದೆ. ಕೋವಿಡ್ ಕಾಲದಲ್ಲಿ ಲ್ಯಾಬ್ ರಿಪೋರ್ಟಿನಲ್ಲಿ ನಾವೆಲ್ಲ ಹೆದರಿ ಹೆದರಿ ನೋಡುತ್ತಿದ್ದ ಸಿಆರ್‌ಪಿ ಇದೇ.

ಈ ಬಾವು ಬರದಿದ್ದರೆ ಸಣ್ಣ ಗಾಯವೂ ಜೀವಕ್ಕೆ ಕುತ್ತು ತರಬಹುದು. ಆದ್ದರಿಂದ ಉರಿಯೂತ ಪೂರ್ತಿ ಹೋಗಲಿ ಅಂತ ಯಾರೂ ಬಯಸಬಾರದು. ಕೆಲಸ ಮುಗಿದ ಮೇಲೂ ಅದು ನಿಲ್ಲದೆ, ಕಣ್ಣಿಗೆ ಕಾಣದಷ್ಟು ಸಣ್ಣಗೆ ವರ್ಷಗಟ್ಟಲೆ ಮುಂದುವರಿದಾಗ ತೊಂದರೆ ಶುರುವಾಗುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು, ಎರಡನೇ ಬಗೆಯ ಸಕ್ಕರೆ ಕಾಯಿಲೆ, ಕೀಲುವಾತ, ಇವೆಲ್ಲದರಲ್ಲೂ ಇಂಥ ಆರದ ಉರಿಯೂತದ ಪಾಲಿದೆ. ಕಾಫಿಯ ಮೇಲೆ ವಿಜ್ಞಾನಿಗಳಿಗೆ ಕುತೂಹಲ ಹುಟ್ಟಿದ್ದು ಈ ಕಾರಣಕ್ಕೆ.

ಈಗ ಪ್ರಯೋಗಾಲಯಕ್ಕೆ ಬರೋಣ. ಆರೋಗ್ಯವಂತರೊಬ್ಬರ ತೋಳಿನಿಂದ ರಕ್ತ ತೆಗೆಯುತ್ತಾರೆ. ಅದನ್ನು ಒಂದು ವಿಶೇಷ ದ್ರವದ ಮೇಲೆ, ಎರಡೂ ಕಲೆಯದ ಹಾಗೆ, ಮೆಲ್ಲಗೆ ಸುರಿದು ಯಂತ್ರದಲ್ಲಿ ಜೋರಾಗಿ ತಿರುಗಿಸುತ್ತಾರೆ. ಹೊರಗೆ ತೆಗೆದಾಗ ಕೊಳವೆಯ ತಳದಲ್ಲಿ ಕೆಂಪುಕಣ ಕೂತಿರುತ್ತವೆ, ಮೇಲೆ ಹಳದಿ ಬಣ್ಣದ ಪ್ಲಾಸ್ಮಾ ಇರುತ್ತದೆ. ನಡುವೆ ಮಂಜಿನಂಥ ಒಂದು ತೆಳು ಬಿಳಿ ಪಟ್ಟಿ. ನಮಗೆ ಬೇಕಾದ ಮೋನೋಸೈಟ್, ಟಿ ಕೋಶ ಅನ್ನುವ ಬಿಳಿಕಣಗಳೆಲ್ಲ ಆ ಪಟ್ಟಿಯಲ್ಲಿವೆ. ಅದನ್ನು ಪಿಪೆಟ್ಟಿನಿಂದ ಹೀರಿ ತೆಗೆದು, ತೊಳೆದು, ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಹಾಕುತ್ತಾರೆ. ಕೆಲವು ಗುಳಿಗಳಿಗೆ ಕಾಫಿಯ ವಸ್ತು ಸೇರಿಸುತ್ತಾರೆ, ಕೆಲವಕ್ಕೆ ಇಲ್ಲ. ಆಮೇಲೆ ಎಲ್ಲಕ್ಕೂ ಎಲ್‌ಪಿಎಸ್ ಹಾಕುತ್ತಾರೆ. ಇದು ಇ. ಕೋಲಿಯಂಥ ಬ್ಯಾಕ್ಟೀರಿಯಾದ ಹೊರಪದರದ ವಸ್ತು. ಬ್ಯಾಕ್ಟೀರಿಯಾ ಇಲ್ಲದಿದ್ದರೂ ಕೋಶಗಳು ಇದನ್ನು ಕಂಡು ದಾಳಿ ಆಯಿತು ಅಂದುಕೊಳ್ಳುತ್ತವೆ. ಕೆಲವು ಗಂಟೆ 37 ಡಿಗ್ರಿ ಬಿಸಿಯಲ್ಲಿಟ್ಟು, ದ್ರವದಲ್ಲಿ ಎಷ್ಟು ಟಿಎನ್‌ಎಫ್ ಬಂದಿದೆ ಎಂದು ಅಳೆಯುತ್ತಾರೆ. ಕಾಫಿಯ ವಸ್ತು ಹಾಕಿದ ಗುಳಿಯಲ್ಲಿ ಟಿಎನ್‌ಎಫ್ ಕಡಿಮೆ ಇದ್ದರೆ, "ಉರಿಯೂತ ಇಳಿಸುವ ಗುಣ ಕಂಡಿತು" ಎಂದು ಬರೆಯುತ್ತಾರೆ.

ಪ್ರತಿ ಸಲ ರಕ್ತ ತೆಗೆಯುವುದು ಕಷ್ಟ. ಹಾಗಾಗಿ ಎಷ್ಟೋ ಕಡೆ ಟಿಎಚ್‌ಪಿ-1 ಅನ್ನುವ ಕೋಶಗಳನ್ನು ಬಳಸುತ್ತಾರೆ. ಇವು ರಕ್ತದ ಕ್ಯಾನ್ಸರ್ ಆಗಿದ್ದ ಜಪಾನಿನ ಒಂದು ವರ್ಷದ ಮಗುವಿನಿಂದ ಬಂದವು. 1980ರಿಂದ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇವೆ. ಆ ಮಗುವಿನ ಕೋಶಗಳಿಂದ ನಾವು ಕಲಿತದ್ದು ಬಹಳ. ಆದರೂ ಅವು ಕ್ಯಾನ್ಸರ್ ಕೋಶಗಳು, ನಮ್ಮ ನಿಮ್ಮ ಮೈಯಲ್ಲಿರುವ ಕೋಶಗಳ ಹಾಗೆಯೇ ಎಲ್ಲದರಲ್ಲೂ ನಡೆದುಕೊಳ್ಳುವುದಿಲ್ಲ.

ಕಾಫಿಯಲ್ಲಿ ನೂರಾರು ವಸ್ತುಗಳಿವೆ. ಎಲ್ಲರಿಗೂ ಗೊತ್ತಿರುವುದು ಕೆಫೀನ್. ಅರೇಬಿಕಾ ಬೀಜದ ತೂಕದಲ್ಲಿ ಸುಮಾರು ಶೇ 1.2 ಕೆಫೀನ್ ಇರುತ್ತದೆ, ರೋಬಸ್ಟಾದಲ್ಲಿ ಸುಮಾರು ಅದರ ಎರಡರಷ್ಟು. ಅದಕ್ಕಿಂತ ಹೆಚ್ಚು ಪ್ರಮಾಣದಲ್ಲಿರುವುದು ಕ್ಲೋರೊಜೆನಿಕ್ ಆಮ್ಲಗಳು. ಹಸಿ ಬೀಜದಲ್ಲಿ ಇವು ಶೇ 5ರಿಂದ 10ರವರೆಗೂ ಇರುತ್ತವೆ. ಹುರಿದ ಹಾಗೆ ಒಡೆಯುತ್ತಾ ಹೋಗುತ್ತವೆ; ಕಪ್ಪಗೆ ಹುರಿದ ಬೀಜದಲ್ಲಿ ಉಳಿಯುವುದು ಸ್ವಲ್ಪವೇ. ಕೆಫೀನ್ ಮಾತ್ರ ಹುರಿದರೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಇನ್ನು ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್, ಕಹ್ವಿಯಾಲ್ ಅಂತ ಎರಡಿವೆ. ತಟ್ಟೆಯಲ್ಲಿ ಇವೂ ಉರಿಯೂತ ತಗ್ಗಿಸುತ್ತವೆ, ಜೊತೆಗೆ ಮೈಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತವೆ. ಸೋಸದೆ ಕುದಿಸಿದ ಕಾಫಿಯಲ್ಲಿ ಇವು ಜಾಸ್ತಿ, ಕಾಗದದ ಫಿಲ್ಟರಿನಲ್ಲಿ ಸೋಸಿದರೆ ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ಉಳಿಯುತ್ತವೆ.

ಚಿಕೋರಿ ಬಗ್ಗೆ ಒಂದು ಮಾತು. ಅದು ಕಾಫಿ ಅಲ್ಲ, ಬೇರೆ ಗಿಡದ ಹುರಿದ ಬೇರು. ಕೆಫೀನ್ ಅದರಲ್ಲಿ ಇಲ್ಲವೇ ಇಲ್ಲ. ನಮ್ಮ ಕಾಯಿದೆ ಪ್ರಕಾರ ಕಾಫಿ-ಚಿಕೋರಿ ಪುಡಿಯಲ್ಲಿ ಶೇ 49ರವರೆಗೆ ಚಿಕೋರಿ ಹಾಕಬಹುದು. ವಿದೇಶದ ಅಧ್ಯಯನದಲ್ಲಿ "ದಿನಕ್ಕೆ ನಾಲ್ಕು ಕಪ್" ಅಂದರೆ ಅದು ಬರೀ ಕಾಫಿಯ ದೊಡ್ಡ ಕಪ್. ನಮ್ಮ ಬೈಟು ಕಾಫಿಯ ಲೋಟಕ್ಕೂ ಅದಕ್ಕೂ ಲೆಕ್ಕ ಕೂಡುವುದಿಲ್ಲ.

ಕೆಫೀನ್ ಕೋಶದ ಮೇಲೆ ಏನು ಮಾಡುತ್ತದೆ? ನನಗೆ ಇಡೀ ವಿಷಯದಲ್ಲಿ ಅತ್ಯಂತ ಹಿಡಿಸಿದ ಭಾಗ ಇದು. ಯಾಕೆಂದರೆ ಇಲ್ಲಿ ಒಂದೇ ವಸ್ತು ಎರಡು ದಿಕ್ಕಿಗೆ ಎಳೆಯುತ್ತದೆ.

ಅಂಗಾಂಶಕ್ಕೆ ಪೆಟ್ಟಾದಾಗ, ಆಮ್ಲಜನಕ ಕಡಿಮೆಯಾದಾಗ ಅಲ್ಲಿ ಅಡಿನೊಸಿನ್ ಅನ್ನುವ ವಸ್ತು ಹೆಚ್ಚುತ್ತದೆ. ಅದು ಬಿಳಿಕಣಗಳ ಮೇಲಿನ ಎ2ಎ ಅನ್ನುವ ಗ್ರಾಹಕಕ್ಕೆ (ಹೊರಗಿನ ಸಂದೇಶ ಹಿಡಿಯುವ ಪ್ರೋಟೀನ್) ಅಂಟಿಕೊಂಡು, ಕೋಶದೊಳಗೆ ಸೈಕ್ಲಿಕ್ ಎಎಂಪಿ ಅನ್ನುವ ಅಣುವನ್ನು ಹೆಚ್ಚಿಸುತ್ತದೆ. ಸೈಕ್ಲಿಕ್ ಎಎಂಪಿ ಏರಿದರೆ ಟಿಎನ್‌ಎಫ್ ಇಳಿಯುತ್ತದೆ. ಅಂದರೆ ಉರಿಯೂತ ಮಿತಿ ಮೀರದಂತೆ ತಡೆಯಲು ದೇಹವೇ ಮಾಡಿಕೊಂಡ ಏರ್ಪಾಡು ಇದು. ಕೆಫೀನ್ ಮಾಡುವ ಮೊದಲ ಕೆಲಸವೇ ಆ ಗ್ರಾಹಕದಲ್ಲಿ ತಾನು ಕೂತು ಅಡಿನೊಸಿನ್‌ಗೆ ಜಾಗ ಇಲ್ಲದಂತೆ ಮಾಡುವುದು. ಮೆದುಳಿನಲ್ಲಿ ಹೀಗಾದಾಗ ನಿದ್ದೆ ಹಾರಿಹೋಗುತ್ತದೆ. ಬಿಳಿಕಣದಲ್ಲಿ ಹೀಗಾದರೆ, ಲೆಕ್ಕದ ಪ್ರಕಾರ, ಉರಿಯೂತ ಹೆಚ್ಚಬೇಕು.

ಎರಡನೇ ಕೆಲಸ ಇದಕ್ಕೆ ಉಲ್ಟಾ. ಸೈಕ್ಲಿಕ್ ಎಎಂಪಿಯನ್ನು ಒಡೆದುಹಾಕುವ ಕಿಣ್ವವೊಂದು ಕೋಶದಲ್ಲಿದೆ. ಕೆಫೀನ್ ಅದನ್ನು ತಡೆಯುತ್ತದೆ. ಆಗ ಸೈಕ್ಲಿಕ್ ಎಎಂಪಿ ಉಳಿದುಕೊಳ್ಳುತ್ತದೆ, ಟಿಎನ್‌ಎಫ್ ಇಳಿಯುತ್ತದೆ. ನಮ್ಮಲ್ಲಿ ದಮ್ಮಿನವರಿಗೆ ಕೊಡುವ ಡೆರಿಫಿಲಿನ್ ಮಾತ್ರೆಯಲ್ಲಿ ಥಿಯೋಫಿಲಿನ್ ಇದೆಯಲ್ಲ, ಅದು ಕೆಫೀನ್‌ನ ಹತ್ತಿರದ ಬಂಧು. ಕುಡಿದ ಕೆಫೀನ್‌ನಲ್ಲಿ ಒಂದು ಸಣ್ಣ ಭಾಗವನ್ನು ನಮ್ಮ ಯಕೃತ್ತೇ ಥಿಯೋಫಿಲಿನ್ ಮಾಡುತ್ತದೆ. 1859ರಷ್ಟು ಹಿಂದೆಯೇ ಹೈಡ್ ಸಾಲ್ಟರ್ ಎಂಬ ವೈದ್ಯರು ದಮ್ಮಿಗೆ ಗಟ್ಟಿ ಕಾಫಿ ಒಳ್ಳೆಯ ಉಪಾಯ ಎಂದು ಬರೆದಿದ್ದರು.

ಈ ಎರಡರಲ್ಲಿ ಯಾವುದು ಗೆಲ್ಲುತ್ತದೆ ಅನ್ನುವುದನ್ನು ಪ್ರಮಾಣ ನಿರ್ಧರಿಸುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಕೃತ್ತಿಗೆ ಉರಿಯೂತ ಬರಿಸಿದ ಇಲಿಗಳಿಗೆ ಕೆಫೀನ್ ಕೊಟ್ಟು ನೋಡಿದರು. ಕಡಿಮೆ ಪ್ರಮಾಣ ಕೊಟ್ಟಾಗ ಯಕೃತ್ತಿನ ಹಾನಿ ಜಾಸ್ತಿಯಾಯಿತು. ಬಹಳ ಹೆಚ್ಚು ಕೊಟ್ಟಾಗ ಹಾನಿ ತಪ್ಪಿತು. ಒಂದೇ ವಸ್ತು, ಎರಡು ಉತ್ತರ. ಹಾಗಾಗಿ "ಕೆಫೀನ್ ಉರಿಯೂತ ಇಳಿಸುತ್ತದೆ" ಅಂತ ಯಾರಾದರೂ ಹೇಳಿದರೆ, "ಎಷ್ಟು ಪ್ರಮಾಣದಲ್ಲಿ?" ಅಂತ ಮೊದಲು ಕೇಳಬೇಕು.

ಪ್ರಮಾಣದ ಲೆಕ್ಕ ಕಷ್ಟವೇನಲ್ಲ, ಇಲ್ಲೇ ಮಾಡಿಬಿಡಬಹುದು. ಹುಬ್ಬಳ್ಳಿಯ ಎಷ್ಟೋ ಓಣಿಗಳಿಗೆ ನಳದ ನೀರು ದಿನಾ ಬರುವುದಿಲ್ಲ, ಅದಕ್ಕೇ ಮನೆಮನೆಯ ಮೇಲೂ ಟಾಕಿ. ಒಂದು ಚಮಚ ಸಕ್ಕರೆ ಲೋಟಕ್ಕೆ ಹಾಕಿದರೆ ಸಿಹಿ. ಅದೇ ಚಮಚವನ್ನು ಟಾಕಿಗೆ ಹಾಕಿದರೆ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಪ್ರಯೋಗಾಲಯದ ಗುಳಿ ಆ ಲೋಟ, ನಮ್ಮ ದೇಹ ಆ ಟಾಕಿ. 70 ಕಿಲೋ ತೂಕದ ವ್ಯಕ್ತಿಯ ಮೈಯಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಒಂದು ಗಟ್ಟಿ ಕಾಫಿಯಲ್ಲಿ 100 ಮಿಲಿಗ್ರಾಂ ಕೆಫೀನ್ ಇದೆ ಅಂದುಕೊಳ್ಳಿ. ಅದು ಆ ಎಲ್ಲ ನೀರಿಗೂ ಹರಡಿದರೆ ಲೀಟರಿಗೆ ಎರಡೂವರೆ ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆ. ವಿಜ್ಞಾನಿಗಳ ಅಳತೆಯಲ್ಲಿ ಹೇಳಿದರೆ ಸುಮಾರು 12 ಮೈಕ್ರೋಮೋಲಾರ್. ಅಡಿನೊಸಿನ್ ಗ್ರಾಹಕದಲ್ಲಿ ಕೂರಲು ಕೆಫೀನ್‌ಗೆ ಇಷ್ಟು ಸಾಕು. ಸೈಕ್ಲಿಕ್ ಎಎಂಪಿ ಒಡೆಯುವ ಆ ಕಿಣ್ವವನ್ನು ಚೆನ್ನಾಗಿ ತಡೆಯಬೇಕಾದರೆ ನೂರಾರು ಮೈಕ್ರೋಮೋಲಾರ್ ಬೇಕು. ರಕ್ತದಲ್ಲಿ 400 ಮೈಕ್ರೋಮೋಲಾರ್ ದಾಟಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ನೂರಾರು ಮೈಕ್ರೋಮೋಲಾರ್ ಬಳಸಿ ಮಾಡಿದ ಪ್ರಯೋಗದ ಫಲಿತಾಂಶ ನಮ್ಮ ಕಪ್ಪಿಗೆ ಅನ್ವಯಿಸುವುದಿಲ್ಲ.

ಹಾಗಂತ ಎಲ್ಲ ಪ್ರಯೋಗಗಳೂ ಹೀಗೇ ಅಲ್ಲ. ಐರ್ಲೆಂಡಿನ ಡಬ್ಲಿನ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನುಷ್ಯರ ರಕ್ತಕ್ಕೆ 10ರಿಂದ 100 ಮೈಕ್ರೋಮೋಲಾರ್ ಕೆಫೀನ್ ಸೇರಿಸಿ, ಮೇಲೆ ಎಲ್‌ಪಿಎಸ್ ಹಾಕಿದರು. ಟಿಎನ್‌ಎಫ್ ಇಳಿಯಿತು. ಸೈಕ್ಲಿಕ್ ಎಎಂಪಿಯ ದಾರಿಯನ್ನು ಮುಚ್ಚಿದಾಗ ಆ ಪರಿಣಾಮ ಹೋಯಿತು. ಈ ಪ್ರಮಾಣದ ಕೆಳಗಿನ ತುದಿ ಕಾಫಿ ಕುಡಿಯುವವರ ರಕ್ತಕ್ಕೆ ಹತ್ತಿರವೇ ಇದೆ. ಕೋಶಗಳ ಮಟ್ಟದಲ್ಲಿ ನಾನು ನಂಬುವ ಸಾಕ್ಷ್ಯ ಇಂಥದ್ದು.

ಇನ್ನೊಂದು ಕೆಲಸ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ್ದು. ಡೇವಿಡ್ ಫರ್ಮನ್, ಮಾರ್ಕ್ ಡೇವಿಸ್ ಮತ್ತು ಜೊತೆಗಾರರು ಅದನ್ನು 2017ರಲ್ಲಿ ಪ್ರಕಟಿಸಿದರು. ಅವರು ಹೊರಟದ್ದು ಕಾಫಿ ಹುಡುಕಿಕೊಂಡು ಅಲ್ಲ. ವಯಸ್ಸಾದವರಲ್ಲಿ ಕೆಲವರಿಗೆ ಮಾತ್ರ ಉರಿಯೂತ ಯಾಕೆ ಹೆಚ್ಚು ಅನ್ನುವುದು ಅವರ ಪ್ರಶ್ನೆ. ಕೋಶದೊಳಗೆ ಇನ್‌ಫ್ಲಮಸೋಮ್ ಅನ್ನುವ ಪ್ರೋಟೀನ್‌ಗಳ ಜೋಡಣೆ ಇದೆ. ಅದು ಎಚ್ಚೆತ್ತರೆ ಐಎಲ್-1 ಬೀಟಾ ಮತ್ತು ಐಎಲ್-18 ತಯಾರಾಗಿ ಹೊರಬರುತ್ತವೆ. 60 ದಾಟಿದ ಕೆಲವರಲ್ಲಿ ಇದರ ಜೀನ್‌ಗಳು ಸದಾ ಚಾಲೂ ಇದ್ದವು, ಕೆಲವರಲ್ಲಿ ಇರಲಿಲ್ಲ. ಚಾಲೂ ಇದ್ದವರಲ್ಲಿ ಬಿಪಿ ಇದ್ದವರು ಹೆಚ್ಚು. ಅವರ ರಕ್ತದಲ್ಲಿ ಉರಿಯೂತ ಎಬ್ಬಿಸುವ, ಅಡೆನಿನ್‌ನಂಥ ಕೆಲವು ವಸ್ತುಗಳೂ ಹೆಚ್ಚಿದ್ದವು. ಇನ್‌ಫ್ಲಮಸೋಮ್ ಶಾಂತವಾಗಿದ್ದವರ ರಕ್ತದಲ್ಲಿ ಕೆಫೀನ್ ಮತ್ತು ಅದರಿಂದ ಹುಟ್ಟುವ ವಸ್ತುಗಳು ಜಾಸ್ತಿ ಕಂಡವು. ಆಮೇಲೆ ಮನುಷ್ಯರ ಕೋಶಗಳಿಗೆ ಆ ಉರಿಯೂತದ ವಸ್ತುಗಳ ಜೊತೆ ಕೆಫೀನ್ ಕೂಡ ಹಾಕಿ ನೋಡಿದಾಗ, ಕೆಫೀನ್ ಅವುಗಳ ಕೆಲಸಕ್ಕೆ ಅಡ್ಡ ಬಂತು. ಜನರಲ್ಲಿ ಕಂಡದ್ದೂ ತಟ್ಟೆಯಲ್ಲಿ ಕಂಡದ್ದೂ ಒಂದೇ ಕಡೆ ಬೆರಳು ತೋರಿಸಿದ್ದು ಇದರ ವಿಶೇಷ. ಗುಂಪು ಸಣ್ಣದಿತ್ತು ಅನ್ನುವುದನ್ನೂ ನೆನಪಿಡಬೇಕು.

ಕ್ಲೋರೊಜೆನಿಕ್ ಆಮ್ಲದ ಕಥೆ ಬೇರೆ. ಕೆಫೀನ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಕ್ಲೋರೊಜೆನಿಕ್ ಆಮ್ಲದಲ್ಲಿ ಸಣ್ಣ ಕರುಳು ಹೀರುವುದು ಮೂರನೇ ಒಂದು ಭಾಗ ಮಾತ್ರ. ಉಳಿದದ್ದು ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಬೇರೆಯೇ ಆಮ್ಲಗಳನ್ನು ಮಾಡುತ್ತವೆ. ಅಂದರೆ ರಕ್ತಕ್ಕೆ ಬರುವ ಹೊತ್ತಿಗೆ ಅದು ಕಪ್ಪಿನಲ್ಲಿದ್ದ ವಸ್ತುವಾಗಿ ಉಳಿದಿರುವುದಿಲ್ಲ, ಪ್ರಮಾಣವೂ ತೀರಾ ಕಡಿಮೆ. ಶುದ್ಧ ಕ್ಲೋರೊಜೆನಿಕ್ ಆಮ್ಲವನ್ನು ಧಾರಾಳವಾಗಿ ಕೋಶಗಳ ಮೇಲೆ ಸುರಿದು, ಎನ್‌ಎಫ್-ಕಪ್ಪಾ-ಬಿ ಅಡಗಿತು ಎಂದು ತೋರಿಸಿದ ಲೇಖನಗಳು ಬಹಳ ಇವೆ. ಆದರೆ ಮೈಯೊಳಗಿನ ಬಿಳಿಕಣಕ್ಕೆ ಅಂಥ ಸ್ನಾನ ಯಾವತ್ತೂ ಆಗುವುದಿಲ್ಲ.

ಕರುಳಿನ ಗೋಡೆಯ ಮಾತು ಬೇರೆ. ಅಲ್ಲಿ ಈ ವಸ್ತುಗಳು ನೇರವಾಗಿ, ಹೆಚ್ಚಿನ ಪ್ರಮಾಣದಲ್ಲೇ ತಾಗುತ್ತವೆ. 2024ರಲ್ಲಿ ಬಂದ, 22 ಸಾವಿರಕ್ಕೂ ಹೆಚ್ಚು ಜನರ ಒಂದು ದೊಡ್ಡ ಅಧ್ಯಯನದಲ್ಲಿ ಲಾಸೊನಿಬ್ಯಾಕ್ಟರ್ ಎಂಬ ಕುಲದ ಒಂದು ಬ್ಯಾಕ್ಟೀರಿಯಾ ಕಾಫಿ ಕುಡಿಯುವವರ ಕರುಳಿನಲ್ಲಿ ಹಲವು ಪಟ್ಟು ಹೆಚ್ಚು ಕಂಡಿತು. ಕೆಫೀನ್ ತೆಗೆದ ಕಾಫಿ ಹಾಕಿದರೂ ಅದು ಪ್ರಯೋಗಾಲಯದಲ್ಲಿ ಚೆನ್ನಾಗಿ ಬೆಳೆಯಿತು. ಕಾಫಿಯ ಗುಣ ಕೆಫೀನ್‌ನಿಂದ ಮಾತ್ರ ಬರುವುದಲ್ಲ ಅನ್ನುವುದಕ್ಕೆ ಇದೊಂದು ಸುಳಿವು.

ಹಾಲು ಹಾಕಿದರೆ ಏನಾಗುತ್ತದೆ ಅಂತ ನಮ್ಮವರು ಕೇಳೇ ಕೇಳುತ್ತಾರೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು 2023ರಲ್ಲಿ ಇದನ್ನು ನೋಡಿದರು. ಕಾಫಿಯ ಆಮ್ಲಗಳು ಹಾಲಿನ ಪ್ರೋಟೀನ್‌ನಲ್ಲಿರುವ ಸಿಸ್ಟೀನ್ ಅನ್ನುವ ಅಮೈನೋ ಆಮ್ಲದ ಜೊತೆ ಕೂಡಿಕೊಳ್ಳುತ್ತವೆ. ಹಾಗೆ ಕೂಡಿದ ವಸ್ತು ಕೋಶಗಳಲ್ಲಿ ಉರಿಯೂತವನ್ನು ಒಂಟಿ ಆಮ್ಲಕ್ಕಿಂತ ಎರಡು ಪಟ್ಟು ಚೆನ್ನಾಗಿ ತಗ್ಗಿಸಿತು. ಡಿಕಾಕ್ಷನ್‌ಗೆ ನೊರೆಹಾಲು ಬೆರೆಸಿ ಕುಡಿಯುವವರಿಗೆ ಖುಷಿ ಕೊಡುವ ಸುದ್ದಿ, ಅಲ್ವಾ? ಆದರೆ ಅವರು ಬಳಸಿದ್ದು ಇಲಿಯ ಮ್ಯಾಕ್ರೋಫೇಜ್ ಕೋಶಗಳನ್ನು. ಮನುಷ್ಯರಿಗೆ ಹಾಲಿನ ಕಾಫಿ ಕುಡಿಸಿ ಬಂದ ಫಲಿತಾಂಶ ಅದಲ್ಲ.

ಮನುಷ್ಯರಿಗೆ ಕುಡಿಸಿಯೇ ನೋಡಿದ ಒಂದು ಪ್ರಯೋಗ 2010ರಲ್ಲಿ ಬಂತು. 47 ಜನ ಮೊದಲ ತಿಂಗಳು ಕಾಫಿ ಬಿಟ್ಟರು, ಎರಡನೇ ತಿಂಗಳು ದಿನಕ್ಕೆ ನಾಲ್ಕು ಕಪ್, ಮೂರನೇ ತಿಂಗಳು ಎಂಟು ಕಪ್ ಕುಡಿದರು. ಎಂಟು ಕಪ್ಪಿನ ತಿಂಗಳಲ್ಲಿ ಐಎಲ್-18 ಶೇ 8ರಷ್ಟು ಇಳಿದಿತ್ತು. ಇನ್‌ಫ್ಲಮಸೋಮ್‌ನಿಂದ ಬರುತ್ತದೆ ಅಂತ ಮೇಲೆ ಹೇಳಿದೆನಲ್ಲ, ಅದೇ ಐಎಲ್-18. ಹೀಗೆ ಸ್ಟ್ಯಾನ್‌ಫೋರ್ಡ್‌ನವರ ಮಾತಿಗೆ ಇದು ಸ್ವಲ್ಪ ಬಲ ಕೊಡುತ್ತದೆ. ಅದೇ ಹೊತ್ತಿಗೆ ಅವರ ಒಟ್ಟು ಕೊಲೆಸ್ಟ್ರಾಲ್ ಶೇ 12ರಷ್ಟು ಏರಿತ್ತು. ಇನ್ನು ಗ್ರೀಸ್ ದೇಶದಲ್ಲಿ ಸುಮಾರು 3,000 ಜನರನ್ನು ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಪೂರ್ತಿ ಉಲ್ಟಾ ಹೇಳಿತು: ದಿನಕ್ಕೆ 200 ಮಿಲಿಲೀಟರ್‌ಗಿಂತ ಹೆಚ್ಚು ಕಾಫಿ ಕುಡಿಯುವವರಲ್ಲಿ ಐಎಲ್-6, ಸಿಆರ್‌ಪಿ ಎರಡೂ ಜಾಸ್ತಿ ಇದ್ದವು. ಯುರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಗಮನಿಸಿ 2017ರಲ್ಲಿ ಬಂದ ವರದಿಯಲ್ಲಿ ಮಾತ್ರ, ಕಾಫಿ ಕುಡಿಯುವವರಲ್ಲಿ ಸಾವಿನ ಪ್ರಮಾಣ ಸ್ವಲ್ಪ ಕಡಿಮೆ ಕಂಡಿತು. ಅದು ಕಾಫಿಯಿಂದಲೇ ಆಯಿತು ಅಂತ ಇಂಥ ಗಮನಿಕೆಯಿಂದ ಸಾಬೀತಾಗುವುದಿಲ್ಲ.

ಹಾಗಾದರೆ ಕಾಕು ಅವರಿಗೆ ಏನು ಹೇಳುವುದು? ಮೊಣಕಾಲಿನ ಬಾವು ಕಾಫಿಯಿಂದ ಇಳಿಯುತ್ತದೆ ಅನ್ನಲು ಆಧಾರ ಇಲ್ಲ. ಕೀಲುವಾತಕ್ಕೆ ಡಾಕ್ಟರು ಕೊಟ್ಟ ಔಷಧಿ ಬಿಟ್ಟು ಕಾಫಿ ಹಿಡಿಯುವುದು ಅಪಾಯ. ಚೆನ್ನಾಗಿರುವ ದೊಡ್ಡವರು ದಿನಕ್ಕೆ ಎರಡು-ಮೂರು ಕಾಫಿ ಕುಡಿದರೆ ಉರಿಯೂತ ಹೆಚ್ಚೀತು ಅಂತ ಹೆದರಬೇಕಿಲ್ಲ. ಸ್ವಲ್ಪ ಒಳ್ಳೆಯದೇ ಆಗುತ್ತಿರಬಹುದು. ನನಗೆ ಹೆಚ್ಚು ಚಿಂತೆ ಸಕ್ಕರೆಯದು. ಎರಡು ಚಮಚದಂತೆ ನಾಲ್ಕು ಕಪ್ ಆದರೆ 35-40 ಗ್ರಾಂ ಸಕ್ಕರೆ. 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಾವು ಇಳಿಸಲು ಅಂತ ಕುಡಿದ ಕಾಫಿಯಲ್ಲೇ ಅದು ಮೀರಿಹೋದರೆ ಏನು ಬಂತು?

ನಮ್ಮ ಆಹಾರ ಮಾರ್ಗಸೂಚಿಯನ್ನು ಐಸಿಎಂಆರ್ 2024ರಲ್ಲಿ ಹೊಸದಾಗಿ ಪ್ರಕಟಿಸಿದೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬೇಡಿ ಎಂದು ಅದು ಹೇಳುತ್ತದೆ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್‌ನಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಅಂತ ಅದರ ಲೆಕ್ಕ. ಕಾಫಿಗೆ ಚಹಾವನ್ನೂ ಕೂಡಿಸಿಕೊಳ್ಳಬೇಕು, ನಮ್ಮೂರಲ್ಲಂತೂ ಇದನ್ನು ಮರೆಯಬಾರದು. ಗರ್ಭಿಣಿಯರ ಮೈಯಲ್ಲಿ ಕೆಫೀನ್ ಮಾಮೂಲಿಗಿಂತ ಬಹಳ ಹೊತ್ತು ಉಳಿಯುತ್ತದೆ, ಹಾಗಾಗಿ ಅವರಿಗೆ ಮಿತಿ ಇನ್ನೂ ಕಡಿಮೆ, 200 ಮಿಲಿಗ್ರಾಂ. ಊಟದ ಜೊತೆ, ಊಟ ಆದ ಕೂಡಲೇ ಕಾಫಿ ಕುಡಿದರೆ ಅನ್ನ-ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಕಬ್ಬಿಣದ ಮಾತ್ರೆಯನ್ನು ಕಾಫಿ-ಚಹಾದ ಜೊತೆ ನುಂಗಲೇಬಾರದು. ಥೈರಾಯ್ಡ್ ಮಾತ್ರೆಯದೂ ಇದೇ ಪಾಡು. ಅದನ್ನು ಬೆಳಿಗ್ಗೆ ನೀರಿನಲ್ಲಿ ನುಂಗಿ, ಕಾಫಿಗೆ ಒಂದು ಗಂಟೆ ತಡೆಯಿರಿ.